ಸಾಲ ತೀರಿತು, ಋಣ ಉಳಿಯಿತು

ಕರ್ತನಲ್ಲಿ ಪ್ರಿಯರಾದ ಎಲ್ಲರಿಗೂ ವಂದನೆಗಳು.

ಗೆಳೆಯರೊಬ್ಬರ ವ್ಯಾಪಾರದ ಸಾಲಕ್ಕೆ ನಾನು ಜಾಮೀನು ನಿಂತಿದ್ದೆ. ಅವರು ಕಂತು ಕಟ್ಟುವುದನ್ನು ನಿಲ್ಲಿಸಿ, ಫೋನಿಗೂ ಸಿಗದಷ್ಟು ದೂರವಾದ ಮೇಲೆ ಆ ಸಾಲ ಪೂರ್ತಿಯಾಗಿ ನಮ್ಮ ಮನೆಯ ಮೇಲೆ ಬಿತ್ತು. ಈ ತಿಂಗಳು ಅದರ ಕೊನೆಯ ಕಂತು ಸಂದಿದೆ. ಅಸಲು, ಬಡ್ಡಿ ಎರಡೂ ಚುಕ್ತಾ ಆಗಿವೆ ಎಂಬ ಪತ್ರವೂ ಬ್ಯಾಂಕಿನಿಂದ ಕೈಸೇರಿದೆ. ಇಷ್ಟು ವರ್ಷ ನಮ್ಮ ಜೊತೆ ನಿಂತವರಿಗೆ ಕೃತಜ್ಞತೆ ಹೇಳುವುದು ನನ್ನ ಕರ್ತವ್ಯ. ಆದರೆ ಕಂತಿನ ಜೊತೆಜೊತೆಗೇ ನನ್ನೊಳಗೆ ಬೆಳೆಯುತ್ತಿದ್ದ ಕಹಿಯನ್ನು ಇಳಿಸಲು ನೆರವಾದವರನ್ನು ನೆನೆಯದೆ, ಸಾಲ ತೀರಿತೆಂದು ಮಾತ್ರ ಹೇಳಿ ಕುಳಿತರೆ ನನ್ನ ಸಾಕ್ಷಿ ಅರ್ಧಕ್ಕೇ ನಿಲ್ಲುತ್ತದೆ. ಆದ್ದರಿಂದ ಹಣದ ಮಾತನ್ನು ಬೇಗ ಮುಗಿಸಿ, ಆ ಇನ್ನೊಂದು ಉಪಕಾರದ ಬಗ್ಗೆಯೇ ಹೆಚ್ಚು ಬರೆಯುತ್ತಿದ್ದೇನೆ.

ಮೊದಲ ಕೃತಜ್ಞತೆ ನನ್ನ ಹೆಂಡತಿಗೆ. ರಾತ್ರಿಯ ಕುಟುಂಬ ಪ್ರಾರ್ಥನೆಯ ಕೊನೆಯಲ್ಲಿ ಕರ್ತನು ಕಲಿಸಿದ ಪ್ರಾರ್ಥನೆಯನ್ನು ಎಲ್ಲರೂ ಸೇರಿ ಹೇಳುವುದು ನಮ್ಮಲ್ಲಿ ರೂಢಿ. ‘ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ’ ಎಂಬಲ್ಲಿಗೆ ಬಂದಾಗ ನನ್ನ ದನಿ ನಿಂತುಹೋಗುತ್ತಿತ್ತು. ನಾಲಿಗೆಗೆ ಬರುವ ಮಾತು ಎದೆಯಲ್ಲಿ ಇಲ್ಲದಿರುವಾಗ ಅದನ್ನು ದೇವರ ಮುಂದೆ ಹೇಳುವ ಧೈರ್ಯ ನನಗಿರಲಿಲ್ಲ. ಅವಳು ಒಂದು ದಿನವೂ ತಿರುಗಿ ನೋಡಲಿಲ್ಲ, ಏಕೆಂದು ಕೇಳಲಿಲ್ಲ. ಆ ಸಾಲನ್ನು ಮಾತ್ರ ಸ್ವಲ್ಪ ಗಟ್ಟಿಯಾಗಿ, ಇಬ್ಬರ ಪರವಾಗಿ ಎಂಬಂತೆ ಹೇಳಿ, ‘ಶೋಧನೆಯೊಳಗೆ ಸೇರಿಸದೆ’ ಎಂಬಲ್ಲಿ ನಾನು ಬಂದು ಕೂಡಿಕೊಳ್ಳುವಷ್ಟು ಎಡೆ ಬಿಡುತ್ತಿದ್ದಳು. ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಆ ಪ್ರಾರ್ಥನೆ ಮುಗಿದ ಕೂಡಲೇ ಯೇಸು ಮತ್ತೆ ಕೈಗೆತ್ತಿಕೊಂಡು ವಿವರಿಸುವುದು ಈ ಒಂದೇ ಬಿನ್ನಹವನ್ನು. ಆಹಾರದ ಬಗ್ಗೆಯಾಗಲಿ ಶೋಧನೆಯ ಬಗ್ಗೆಯಾಗಲಿ ಅಲ್ಲಿ ಎರಡನೆಯ ಮಾತಿಲ್ಲ. ಇದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಆ ವಾಕ್ಯವನ್ನು ನನ್ನ ಮೇಲೆ ಎತ್ತಿ ಹಿಡಿಯಲಿಲ್ಲ ಎಂಬುದೇ ನನಗೆ ದೊಡ್ಡ ಉಪಕಾರ.

ಏಕೆಂದರೆ ಎತ್ತಿ ಹಿಡಿದವರು ಬೇರೆ ಬಹಳ ಮಂದಿ ಇದ್ದರು. ಸೂರ್ಯ ಮುಳುಗುವ ಮುಂಚೆ ಕೋಪ ತೀರಲಿ ಎಂಬ ಎಫೆಸದವರ ಪತ್ರಿಕೆಯ ಮಾತನ್ನು ಆ ದಿನಗಳಲ್ಲಿ ನಾನು ಕೇಳಿದಷ್ಟು ಯಾರೂ ಕೇಳಿರಲಾರರು. ಅದನ್ನು ಹೇಳಿದವರ ಒಳ್ಳೆಯ ಮನಸ್ಸನ್ನು ಸಂದೇಹಿಸುವುದಿಲ್ಲ. ಆದರೂ ಬ್ಯಾಂಕಿನ ನೋಟಿಸು ಕೈಯಲ್ಲಿ ಹಿಡಿದು ನಿಂತವನಿಗೆ, ಅದೂ ಮಧ್ಯಾಹ್ನದ ಹೊತ್ತಿನಲ್ಲಿ, ಸೂರ್ಯಾಸ್ತದ ಗಡುವು ಕೊಡುವುದು ಅಷ್ಟೇನೂ ಆದರಣೆಯಲ್ಲ.

ನಮ್ಮ ಸಭಾಪಾಲಕರು ಹಾಗೆ ಮಾಡಲಿಲ್ಲ. ಅವರಿಗೆ ನನ್ನ ಎರಡನೆಯ ಕೃತಜ್ಞತೆ. ಕ್ಷಮಿಸಿದಿರಾ ಎಂದು ಅವರು ಒಮ್ಮೆಯೂ ಕೇಳಲಿಲ್ಲ. ಮನೆಗೆ ಬಂದು, ನಾನು ಹೇಳುವುದನ್ನೆಲ್ಲ ಕೇಳಿ, ಕೀರ್ತನೆ 55ನ್ನು ತೆರೆದು ನನ್ನ ಕೈಗೆ ಕೊಟ್ಟು, ನೀವೇ ಗಟ್ಟಿಯಾಗಿ ಓದಿ ಎಂದರು. ನಿಂದಿಸಿದವನು ವೈರಿಯಾಗಿದ್ದರೆ ತಾಳಿಕೊಳ್ಳುತ್ತಿದ್ದೆ, ಆದರೆ ಅವನು ನನ್ನ ಸರೀಕ, ನನ್ನ ಗೆಳೆಯ, ದೇವಾಲಯಕ್ಕೆ ನನ್ನ ಜೊತೆ ಹೆಜ್ಜೆ ಹಾಕಿದವನು ಎಂದು ಅಲ್ಲಿ ಕೀರ್ತನೆಗಾರ ಗೋಳಿಡುತ್ತಾನೆ; ಅವನ ಮಾತು ಬೆಣ್ಣೆಗಿಂತ ನುಣುಪು, ಹೃದಯದಲ್ಲಿ ಮಾತ್ರ ಯುದ್ಧ ಎನ್ನುತ್ತಾನೆ. ಓದುತ್ತಾ ಹೋದಂತೆ ನನ್ನ ಗಂಟಲು ಕಟ್ಟಿತು. ನನಗೆ ಮೋಸ ಮಾಡಿದ ಗೆಳೆಯರೂ ನಾನೂ ಒಂದೇ ಸಭೆಯಲ್ಲಿ, ಒಂದೇ ಬೆಂಚಿನಲ್ಲಿ ಕುಳಿತು ಹಾಡಿದವರು. ಇಂಥ ನೋವನ್ನು ದೇವರ ಮುಂದೆ ಇಷ್ಟು ಕಟುವಾಗಿ ಹೇಳಲು ಸತ್ಯವೇದದಲ್ಲೇ ಮಾತುಗಳಿವೆ, ಅವು ಪ್ರಾರ್ಥನೆಗಳೆಂದೇ ಎಣಿಕೆಯಾಗಿವೆ ಎಂಬುದು ನನಗೆ ಅಂದು ಹೊಸ ವಿಷಯದಂತೆ ತೋರಿತು. ಸಭಾಪಾಲಕರು ಹೇಳಿದ್ದು ಇಷ್ಟೇ: ತಪ್ಪನ್ನು ತಪ್ಪೆಂದು ದೇವರ ಮುಂದೆ ಪೂರ್ತಿಯಾಗಿ ಹೇಳದವನಿಗೆ ಕ್ಷಮಿಸಲು ಏನೂ ಇರುವುದಿಲ್ಲ.

ಲೆಕ್ಕಪತ್ರದ ಕೆಲಸದಿಂದ ನಿವೃತ್ತರಾದ ನಮ್ಮ ಸಭೆಯ ಹಿರಿಯರೊಬ್ಬರಿಗೂ ನಾನು ಋಣಿ. ವಾಕ್ಯ ಅಧ್ಯಯನದಲ್ಲಿ ಮತ್ತಾಯ 18ರ ಸಾಮ್ಯ ಬಂದ ದಿನ, ಅರಸನಿಗೆ ಕೊಡಬೇಕಿದ್ದ ಹತ್ತು ಸಾವಿರ ತಲಾಂತು ಸಾಲ ಪೂರ್ತಿ ಮನ್ನಾ ಆದ ಸೇವಕ ತನಗೆ ನೂರು ದೀನಾರ ಕೊಡಬೇಕಾದ ಜೊತೆ ಸೇವಕನ ಕುತ್ತಿಗೆ ಹಿಸುಕುವ ಆ ಕಥೆಯನ್ನು ಅವರು ಸಾಲದ ಲೆಕ್ಕವಾಗಿಯೇ ಬಿಡಿಸಿದರು. ಒಂದು ದೀನಾರವೆಂದರೆ ಕೂಲಿಯಾಳಿನ ಒಂದು ದಿನದ ಸಂಬಳ. ದ್ರಾಕ್ಷಿತೋಟದ ಸಾಮ್ಯದಲ್ಲೂ ಅದೇ ದರ. ಒಂದು ತಲಾಂತಿಗೆ ಸುಮಾರು 6,000 ದೀನಾರ ಎಂಬ ಸಾಮಾನ್ಯ ಲೆಕ್ಕ ಹಿಡಿದರೆ, ಮೊದಲನೆಯವನ ಸಾಲ ಆರು ಕೋಟಿ ದಿನಗಳ ಕೂಲಿ. ಎರಡನೆಯವನದು ನೂರು ದಿನಗಳ ಕೂಲಿ. ಒಂದು ಇನ್ನೊಂದರ ಆರು ಲಕ್ಷ ಪಟ್ಟು. ಇಲ್ಲಿಗೆ ಬಂದಾಗ, ‘ಆದ್ದರಿಂದ ನಿಮ್ಮದು ಜುಜುಬಿ, ಬಿಟ್ಟುಬಿಡಿ’ ಎಂದು ಅವರು ಹೇಳುತ್ತಾರೆಂದೇ ನಾನು ಕಾದಿದ್ದೆ. ಅವರು ಕನ್ನಡಕ ತೆಗೆದು, ನೂರು ದೀನಾರವೂ ಸಣ್ಣ ಹಣವಲ್ಲ, ಮೂರು ತಿಂಗಳಿಗೂ ಮೀರಿದ ದುಡಿಮೆ. ಯೇಸು ಬೇಕೆಂದಿದ್ದರೆ ಒಂದೇ ದೀನಾರ ಎನ್ನಬಹುದಿತ್ತು, ಎನ್ನಲಿಲ್ಲ ಎಂದರು. ನನಗಾದ ನಷ್ಟವನ್ನು ಕಿರಿದು ಮಾಡದೆಯೇ ನನಗೆ ಸಿಕ್ಕಿದ ಮನ್ನಾ ಎಷ್ಟು ಹಿರಿದೆಂದು ತೋರಿಸಿದ ಆ ಲೆಕ್ಕ, ನಾನು ಅದುವರೆಗೆ ಕೇಳಿದ ಎಷ್ಟೋ ಪ್ರಸಂಗಗಳು ಮಾಡದ ಕೆಲಸವನ್ನು ಮಾಡಿತು.

ಆ ಸಾಮ್ಯಕ್ಕೆ ಕಾರಣವಾದ ಪ್ರಶ್ನೆ ಶಿಷ್ಯನಾದ ಪೇತ್ರನದು: ನನಗೆ ತಪ್ಪು ಮಾಡಿದ ಸಹೋದರನನ್ನು ಎಷ್ಟು ಸಾರಿ ಕ್ಷಮಿಸಬೇಕು, ಏಳು ಸಾರಿಯೇ? ಏಳೆಪ್ಪತ್ತು ಸಾರಿ ಎಂಬುದು ಉತ್ತರ. ಅಷ್ಟು ತಪ್ಪುಗಳನ್ನು ಮಾಡುವವರು ಯಾರಿದ್ದಾರೆ ಎಂದು ಚಿಕ್ಕಂದಿನಿಂದಲೂ ನನಗೆ ಅನ್ನಿಸುತ್ತಿತ್ತು. ಕಂತು ಕಟ್ಟಲು ಆರಂಭಿಸಿದ ಮೇಲೆ ಆ ಮಾತಿನ ಇನ್ನೊಂದು ಮಗ್ಗುಲು ಕಂಡಿತು. ಗೆಳೆಯರು ನನಗೆ ಮಾಡಿದ ತಪ್ಪು ಒಂದೇ. ಆದರೆ ಪ್ರತಿ ತಿಂಗಳು ಸಂಬಳ ಬಂದ ಮರುದಿನ, ಖಾತೆಯಿಂದ ಹಣ ಕಡಿತವಾದ ಸಂದೇಶ ಫೋನಿಗೆ ಬಂದಾಗ, ಆ ಒಂದೇ ತಪ್ಪು ಮತ್ತೆ ಹೊಸದಾಗಿ ನಡೆದಂತಾಗುತ್ತಿತ್ತು. ಹೋದ ತಿಂಗಳು ಮೊಣಕಾಲೂರಿ ಕ್ಷಮಿಸಿದ್ದು ಸುಳ್ಳಾಗಿತ್ತೇ ಎಂದು ಮೊದಮೊದಲು ಹೆದರಿದ್ದೆ. ಸುಳ್ಳಾಗಿರಲಿಲ್ಲ, ಅದು ಆ ತಿಂಗಳ ಕಂತು, ಅಷ್ಟೇ. ಸಾಲವನ್ನು ಒಂದೇ ಸಾರಿ ಕಟ್ಟಿ ಮುಗಿಸುವ ಶಕ್ತಿ ನನಗಿಲ್ಲದಿದ್ದಂತೆ ಕ್ಷಮೆಯನ್ನೂ ಒಂದೇ ಸಾರಿ ಕೊಟ್ಟು ಮುಗಿಸುವ ಶಕ್ತಿ ಇರಲಿಲ್ಲ. ಹಾಗಾಗಿ ಸಂದೇಶ ಬಂದ ದಿನವೇ ಅವರ ಹೆಸರು ಹೇಳಿ, ಅವರ ಮನೆಯವರ ಕ್ಷೇಮಕ್ಕಾಗಿ ಒಂದು ಚಿಕ್ಕ ಪ್ರಾರ್ಥನೆ ಮಾಡುವುದನ್ನು ರೂಢಿಸಿಕೊಂಡೆ. ಹಲವು ತಿಂಗಳು ಅದು ಬರಿಯ ಬಾಯಿಮಾತಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಯಾವಾಗ ಅದು ನಿಜವಾಯಿತೋ ನನಗೆ ಗೊತ್ತಿಲ್ಲ. ಒಂದು ತಿಂಗಳು ಅವರ ಮಗಳ ಪರೀಕ್ಷೆ ಇದೇ ಸಮಯದಲ್ಲಿ ಇರಬೇಕಲ್ಲವೇ ಎಂದು ತಾನಾಗಿ ನೆನಪಾಗಿ, ಅವಳಿಗಾಗಿಯೂ ಬೇಡಿಕೊಂಡೆ. ಬೇಡಿಕೊಂಡು ಎದ್ದ ಮೇಲೆ ನನಗೇ ಆಶ್ಚರ್ಯವಾಯಿತು.

ಮಹಿಳಾ ಪ್ರಾರ್ಥನಾ ಕೂಟದ ಹಿರಿಯ ತಾಯಿಯೊಬ್ಬರು, ಸಭೆಯಲ್ಲಿ ಎಲ್ಲರಿಗೂ ಅಜ್ಜಿ, ಅಣ್ಣಂದಿರೇ ಮಾರಿಬಿಟ್ಟ ಯೋಸೇಫನ ಕಥೆಯ ಕೊನೆಯನ್ನು ನನಗೆ ನೆನಪಿಸಿದವರು. ನೀವು ನನಗೆ ಕೇಡು ಎಣಿಸಿದಿರಿ, ದೇವರು ಅದನ್ನು ಒಳ್ಳೆಯದಕ್ಕೆ ಎಣಿಸಿದನು ಎಂಬ ಅವನ ಮಾತನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಆದರೆ ಅದು ಅಣ್ಣಂದಿರು ಅವನನ್ನು ಗುರುತಿಸಿದ ದಿನ ಬಂದ ಮಾತಲ್ಲ. ಅಂದು ಅಪ್ಪಿಕೊಂಡು ಅತ್ತಾಗಿತ್ತು. ಯಾಕೋಬನು ಐಗುಪ್ತದಲ್ಲಿ 17 ವರ್ಷ ಬಾಳಿ ತೀರಿಕೊಂಡ ಮೇಲೆ, ತಂದೆ ಇಲ್ಲದ ಮನೆಯಲ್ಲಿ ತಮ್ಮ ಗತಿಯೇನೆಂದು ಅಣ್ಣಂದಿರು ಇನ್ನೂ ನಡುಗುತ್ತಿದ್ದುದರಿಂದ, ಅವನು ಎರಡನೆಯ ಸಾರಿ ಅವರನ್ನು ಸಂತೈಸಬೇಕಾಯಿತು. ಇಷ್ಟನ್ನು ಹೇಳಿ ಅಜ್ಜಿ, ‘ಕ್ಷಮೆ ಕೊಟ್ಟವನಿಗೇ ಅಷ್ಟು ಕಾಲ ಹಿಡಿಯುತ್ತದೆ ಎಂದುಕೊಳ್ಳಬೇಡಪ್ಪ, ಪಡೆದವರಿಗೂ ನಂಬಿಕೆ ಬರಲು ಅಷ್ಟೇ ಕಾಲ ಬೇಕು’ ಎಂದರು. ಗೆಳೆಯರು ನನ್ನನ್ನು ತಪ್ಪಿಸಿಕೊಂಡು ಓಡಾಡುವುದನ್ನು ಕೇವಲ ನಾಚಿಕೆಗೇಡಿತನವೆಂದು ಓದುತ್ತಿದ್ದ ನನಗೆ, ಅದರಲ್ಲಿ ಭಯವೂ ಇರಬಹುದೆಂದು ಹೊಳೆದದ್ದು ಅಂದು.

ಕಾನೂನಿನ ಸಲಹೆ ಕೊಟ್ಟ ಸಹೋದರರಿಗೂ ವಂದನೆಗಳು. ಜಾಮೀನುದಾರನು ಸಾಲ ತೀರಿಸಿದ ಮೇಲೆ ಆ ಹಣವನ್ನು ಮೂಲ ಸಾಲಗಾರನಿಂದ ವಸೂಲು ಮಾಡುವ ಹಕ್ಕು ಅವನಿಗಿದೆ. ಆ ಹಕ್ಕನ್ನು ಬಳಸಿದರೆ ನನ್ನ ಕ್ಷಮೆ ಸುಳ್ಳಾಗುತ್ತದೆಯೇ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಡಿತ್ತು. ಗ್ಲಾಡಿಸ್ ಸ್ಟೇನ್ಸ್ ಕ್ಷಮಿಸಲಿಲ್ಲವೇ, ನಿಮ್ಮದೇನು ಮಹಾ ಎಂದು ಕೆಲವರು ಕೇಳಿದ್ದೂ ಇತ್ತು. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗಂಡ ಗ್ರಹಾಂ ಸ್ಟೇನ್ಸ್ ಅವರನ್ನೂ 10 ಮತ್ತು 6 ವರ್ಷದ ಇಬ್ಬರು ಗಂಡುಮಕ್ಕಳನ್ನೂ ವಾಹನದೊಳಗೆ ಜೀವಂತ ಸುಟ್ಟವರನ್ನು ಆ ತಾಯಿ ಬಹಿರಂಗವಾಗಿ ಕ್ಷಮಿಸಿದರು. ಕುಷ್ಠರೋಗಿಗಳ ಸೇವೆಯನ್ನು ಬಿಡದೆ ವರ್ಷಗಟ್ಟಲೆ ಅಲ್ಲೇ ಉಳಿದರು. ಅವರ ಮುಂದೆ ನನ್ನ ದುಃಖವನ್ನಿಡಲು ನನಗೆ ಮುಖವಿಲ್ಲ. ಆದರೆ ಆ ಸಹೋದರರು ಎತ್ತಿ ತೋರಿಸಿದ ಮಾತು ಬೇರೆ: ಆ ತಾಯಿ ಕ್ಷಮಿಸಿದರೆಂದು ನ್ಯಾಯಾಲಯದ ಕೆಲಸ ನಿಲ್ಲಲಿಲ್ಲ, ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟು 2011ರಲ್ಲಿ ಎತ್ತಿ ಹಿಡಿಯಿತು. ಹಗೆಯನ್ನು ಬಿಡುವುದು ನನ್ನ ಪಾಲಿನದು, ನ್ಯಾಯ ತೀರಿಸುವುದು ಅದಕ್ಕೆಂದು ನೇಮಕವಾದವರ ಪಾಲಿನದು. ಒಂದನ್ನು ಮಾಡಿದ್ದರಿಂದ ಇನ್ನೊಂದು ರದ್ದಾಗುವುದಿಲ್ಲ. ಇಷ್ಟು ತಿಳಿಯಾದ ಮೇಲೆಯೇ ನಾನೂ ನನ್ನ ಹೆಂಡತಿಯೂ ಕುಳಿತು ಮಾತಾಡಿ, ದಾವೆ ಹೂಡುವುದು ಬೇಡವೆಂದು ತೀರ್ಮಾನಿಸಿದೆವು. ಅದು ನಮ್ಮ ಮನೆಯ ತೀರ್ಮಾನ. ಇಂಥದೇ ಸ್ಥಿತಿಯಲ್ಲಿರುವ ಬೇರೆಯವರು ದಾವೆ ಹೂಡಿದರೆ ಅವರು ಕ್ಷಮಿಸಲಿಲ್ಲವೆಂದು ದಯವಿಟ್ಟು ಯಾರೂ ನನ್ನನ್ನು ಉದಾಹರಿಸಬೇಡಿ. ಮನೆಯೊಳಗೆ ಹೊಡೆತ ತಿನ್ನುತ್ತಿರುವ ಹೆಣ್ಣುಮಗಳಿಗೆ, ದೌರ್ಜನ್ಯಕ್ಕೆ ಒಳಗಾದ ಮಗುವಿಗೆ ಈ ಬರಹವನ್ನು ತೋರಿಸಿ ‘ನೋಡು, ಹೀಗೆ ಕ್ಷಮಿಸಿ ಸುಮ್ಮನಿರಬೇಕು’ ಎನ್ನುವುದಂತೂ ಘೋರ ಅನ್ಯಾಯ. ಅಂಥವರನ್ನು ಮೊದಲು ಸುರಕ್ಷಿತ ಜಾಗಕ್ಕೆ ಕರೆತರುವುದೇ ಸಭೆಯ ಕೆಲಸ.

ಕಂತಿನ ಅವಧಿಯನ್ನು ಹೆಚ್ಚಿಸಿಕೊಟ್ಟು, ಪ್ರತಿ ಸಾರಿಯೂ ಕುರ್ಚಿ ತೋರಿಸಿ ಕೂರಿಸಿ ಮಾತಾಡಿಸಿದ ಬ್ಯಾಂಕಿನ ಅಧಿಕಾರಿಗೆ, ಹೆಚ್ಚುವರಿ ಕೆಲಸ ಸಿಕ್ಕಾಗಲೆಲ್ಲ ನನ್ನನ್ನು ನೆನೆದ ಸಹೋದ್ಯೋಗಿಗಳಿಗೆ, ಕೇಳಬೇಕಾದ ಎಷ್ಟನ್ನೋ ಕೇಳದೆ ಬೆಳೆದ ನಮ್ಮ ಮಕ್ಕಳಿಗೆ, ಹೆಸರು ಬರೆಯದ ಲಕೋಟೆಯನ್ನು ನಮ್ಮ ಬಾಗಿಲ ಸಂದಿಯಲ್ಲಿ ತೂರಿಸಿ ಹೋದವರಿಗೆ, ನೀವು ಯಾರೇ ಆಗಿರಿ, ನಮ್ಮೆಲ್ಲರ ವಂದನೆಗಳು.

ಜಾಮೀನು ನಿಲ್ಲಬೇಡ ಎಂದು ಜ್ಞಾನೋಕ್ತಿಗಳ ಗ್ರಂಥ ಒಂದಕ್ಕಿಂತ ಹೆಚ್ಚು ಕಡೆ ಎಚ್ಚರಿಸುತ್ತದೆ. ಆ ವಾಕ್ಯಗಳನ್ನು ನನಗೆ ಕಳುಹಿಸಿದವರ ಪಟ್ಟಿಯೂ ಉದ್ದವಾಗಿದೆ. ಅದೇ ಸತ್ಯವೇದದಲ್ಲಿ ತಮ್ಮನಾದ ಬೆನ್ಯಾಮೀನನಿಗೆ ಹೊಣೆ ನಿಲ್ಲುವ ಯೆಹೂದನಿದ್ದಾನೆ, ಹಿಂದೊಮ್ಮೆ ಯೋಸೇಫನನ್ನು ಮಾರಿಬಿಡೋಣ ಎಂದ ಅದೇ ಯೆಹೂದ. ನಿನ್ನ ದಾಸನಾಗಿದ್ದ ಒನೇಸಿಮನು ನಿನಗೆ ಏನಾದರೂ ಕೊಡಬೇಕಾಗಿದ್ದರೆ ಅದನ್ನು ನನ್ನ ಲೆಕ್ಕಕ್ಕೆ ಹಾಕು, ನಾನೇ ಕೊಟ್ಟು ತೀರಿಸುತ್ತೇನೆ ಎಂದು ಫಿಲೆಮೋನನಿಗೆ ಸ್ವಂತ ಕೈಯಿಂದ ಬರೆದುಕೊಡುವ ಪೌಲನಿದ್ದಾನೆ. ಯೇಸುವನ್ನೇ ಶ್ರೇಷ್ಠವಾದ ಒಡಂಬಡಿಕೆಯ ಹೊಣೆಗಾರನೆಂದು ಇಬ್ರಿಯರಿಗೆ ಬರೆದ ಪತ್ರಿಕೆ ಕರೆಯುತ್ತದೆ. ಮಾಡಿದ ಸಾಲ ಎಲ್ಲೂ ಆವಿಯಾಗಿ ಹೋಗುವುದಿಲ್ಲ, ಯಾರೋ ಒಬ್ಬರು ಅದನ್ನು ಹೊರುತ್ತಾರೆ ಎಂಬುದನ್ನು ನಾನು ಬ್ಯಾಂಕಿನ ಪಾಸ್‌ಪುಸ್ತಕದಲ್ಲಿ ತಿಂಗಳು ತಿಂಗಳೂ ಕಂಡೆ. ನನ್ನದನ್ನು ಹೊತ್ತವನು ಯಾರೆಂಬುದನ್ನು ಅದರಿಂದಲೇ ಸ್ವಲ್ಪ ಹೆಚ್ಚು ಅರಿತೆ. ಆತನಿಗೆ ಸ್ತೋತ್ರ.

ಈಚೆಗೆ ಒಂದು ಅಂತ್ಯಕ್ರಿಯೆಯಲ್ಲಿ ಗೆಳೆಯರು ಎದುರಾದರು. ಅವರು ಕ್ಷಮೆ ಕೇಳಲಿಲ್ಲ. ಕೈ ಚಾಚಬೇಕೋ ಬೇಡವೋ ಎಂದು ಅರ್ಧಕ್ಕೆ ನಿಂತಿದ್ದ ಅವರ ಕೈಯನ್ನು ನಾನು ಹಿಡಿದುಕೊಂಡೆ. ಹಳೆಯ ಸ್ನೇಹ ಮರಳಿದೆ ಎನ್ನಲಾರೆ. ಮತ್ತೊಮ್ಮೆ ಅವರ ಸಾಲದ ಕಾಗದಕ್ಕೆ ಸಹಿ ಹಾಕುವುದೂ ಇಲ್ಲ. ನಂಬಿಕೆಯನ್ನು ಕಟ್ಟುವ ಕೆಲಸದಲ್ಲಿ ಅವರ ಪಾಲೂ ಇದೆ. ಸಾಲ ತೀರಿದೆ, ನಿಮ್ಮಿಂದ ಆ ಹಣವನ್ನು ನಾವು ಕೇಳುವುದಿಲ್ಲ, ಮನೆಗೆ ಬರಲು ಸಂಕೋಚ ಬೇಡ ಎಂದು ಅವರಿಗೆ ಪ್ರತ್ಯೇಕವಾಗಿ ಪತ್ರ ಬರೆದು ಕಳುಹಿಸಿದ್ದೇನೆ. ಅವರು ಯಾರೆಂದು ಬಲ್ಲವರು ನಿಮ್ಮಲ್ಲಿ ಕೆಲವರಿದ್ದೀರಿ. ದಯವಿಟ್ಟು ಈ ಬರಹವನ್ನು ಅವರಿಗೆ ತೋರಿಸಿ ಉತ್ತರ ಕೇಳಬೇಡಿ. ಉತ್ತರಿಸುವುದು, ಬಿಡುವುದು ಅವರಿಗೆ ಸೇರಿದ್ದು. ಎದುರಿಗೆ ಸಿಕ್ಕರೆ ಮೊದಲಿನಂತೆ ಮಾತಾಡಿಸಿ, ಅವರ ಮಕ್ಕಳನ್ನು ವಿಚಾರಿಸಿ. ನಮ್ಮ ಮೇಲಿನ ಪ್ರೀತಿಯಿಂದ ಅವರೊಂದಿಗೆ ಮಾತು ಬಿಟ್ಟಿದ್ದವರಿಗೆ ನನ್ನ ಈ ಕೊನೆಯ ಬಿನ್ನಹವನ್ನು ವಿಶೇಷವಾಗಿ ಹೇಳುತ್ತಿದ್ದೇನೆ.