ತಿಳಿನೀರಿನ ಮೀನಿಗೆ ಮೊದಲ ಎಸೆತ

ಚಿ. ಪುಟ್ಟಿಗೆ ನಿನ್ನ ಚಿಕ್ಕಪ್ಪನ ಆಶೀರ್ವಾದಗಳು.

ಜನವರಿಯಲ್ಲಿ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಬೆಟ್ಟದ ಹೊಳೆಯೊಂದರಲ್ಲಿ ಬ್ರೌನ್ ಟ್ರೌಟ್ ಹಿಡಿಯಲು ಎರಡು ದಿನಕ್ಕೆ ಗೈಡ್ ಗೊತ್ತು ಮಾಡಿಕೊಂಡಿದ್ದೀಯ ಎಂದು ಅಣ್ಣ ಹೇಳಿದ. ತುಂಬ ಸಂತೋಷವಾಯಿತು. ಒಂದು ಮಾತನ್ನು ಈಗಲೇ ಮನಸ್ಸಿನಲ್ಲಿಟ್ಟುಕೋ. ನೀನು ದುಡ್ಡು ಕೊಡುತ್ತಿರುವುದು ಗೈಡ್‌ನ ಕಣ್ಣಿಗೆ. ಎಸೆಯುವ ಕೈ ನಿನ್ನದೇ, ಅದನ್ನು ನೀನೇ ಪಳಗಿಸಿಕೊಂಡು ಹೋಗಬೇಕು.

ನಮ್ಮ ಕಾವೇರಿಯಲ್ಲಿ ಮಹಶೀರ್ ಮೀನಿಗೆ ರಾಗಿ ಹಿಟ್ಟಿನ ಉಂಡೆ ಕಟ್ಟಿ, ಮಡುವಿಗೆ ಬಿಟ್ಟು ಕಾಯುತ್ತಾರೆ. ಮೀನು ಎಲ್ಲಿದೆಯೋ ಕಾಣುವುದಿಲ್ಲ, ಅದೇ ಹುಡುಕಿಕೊಂಡು ಬರಬೇಕು. ಅಲ್ಲಿಯ ತಿಳಿನೀರಿನಲ್ಲಿ ಮೊದಲು ನೀವು ಮೀನನ್ನು ನೋಡುತ್ತೀರಿ, ಆಮೇಲೆ ಅದೊಂದಕ್ಕೇ ಗುರಿಯಿಟ್ಟು ಎಸೆಯುತ್ತೀರಿ. ಹೊಳೆಯ ತಲೆಭಾಗದಲ್ಲಿ ಮೀನು ಕಡಿಮೆ, ಗಾತ್ರ ದೊಡ್ಡದು. ದಿನವಿಡೀ ನಡೆದರೂ ಎಸೆಯಲು ಸಿಗುವ ಮೀನುಗಳನ್ನು ಬೆರಳಲ್ಲೇ ಎಣಿಸಬಹುದು. ಆದ್ದರಿಂದ ಒಂದೊಂದು ಮೀನಿಗೂ ಮೊದಲ ಎಸೆತವೇ ಮುಖ್ಯ. ಎರಡನೆಯದರಲ್ಲಿ ಸರಿಪಡಿಸಿಕೊಳ್ಳೋಣ ಎಂದರೆ ಅಷ್ಟರಲ್ಲಿ ಅದು ಬಂಡೆಯ ಸಂದಿ ಸೇರಿರುತ್ತದೆ.

ಇಂದಿನಿಂದಲೇ ಪಾರ್ಕಿನ ಹುಲ್ಲಿನ ಮೇಲೆ ಅಭ್ಯಾಸ ಶುರು ಮಾಡು. 9 ಅಡಿಯ 6 ನಂಬರ್ ರಾಡ್ (ಗಾಳದ ಕೋಲು), ತೇಲುವ ಲೈನ್ (ಬೀಸಿ ಎಸೆಯುವ ದಪ್ಪ ದಾರ) ಸಾಕು. ಲೈನ್‌ನ ಬಣ್ಣ ಮಾಸಲು ಹಸಿರೋ ಬೂದಿಯೋ ಇರಲಿ, ಕಿತ್ತಳೆ, ಹಳದಿ ಬೇಡ. ಲೈನ್‌ನ ತುದಿಗೆ ಕಟ್ಟುವ 9 ಅಡಿಯ ಲೀಡರ್ ದಾರಕ್ಕೆ ಟಿಪ್ಪೆಟ್, ಅಂದರೆ ಕೊನೆಯ ತೆಳು ದಾರ, 4ಎಕ್ಸ್ ಅಳತೆಯದು 5 ಅಡಿ ಸೇರಿಸಿ, ಒಟ್ಟು 14 ಅಡಿ ಕಟ್ಟಿಕೊಂಡೇ ಎಸೆದು ನೋಡು. ಕೊನೆಗೆ ಫ್ಲೈ, ಅಂದರೆ ಹುಳದಂತೆ ಕಾಣುವ ಕೊಕ್ಕೆಯ ಬದಲು ಉಣ್ಣೆಯ ತುಣುಕು ಕಟ್ಟು. 12 ಮೀಟರ್ ದೂರದಲ್ಲಿ ಒಂದು ಊಟದ ತಟ್ಟೆ ಇಟ್ಟು, ಗಾಳಿಯಲ್ಲಿ ಎರಡೇ ಸಲ ಲೈನ್ ಬೀಸಿ, ಮೂರನೆಯದಕ್ಕೆ ತಟ್ಟೆಯ ಹತ್ತಿರ ಇಳಿಸು. ತುಂಬ ದೂರ ಎಸೆಯುವುದನ್ನು ಕಲಿಯಲು ಹೋಗಬೇಡ, ಅಲ್ಲಿ ಬೇಕಾಗುವುದು ಹೆಚ್ಚಾಗಿ 8ರಿಂದ 15 ಮೀಟರ್. ಗಾಳಿಯಿರುವ ದಿನವೂ ಬಿಡದೆ ಹೋಗು, ಆ ಕಡೆಯ ವಾಯವ್ಯದ ಗಾಳಿ ಸಾಮಾನ್ಯದ್ದಲ್ಲ. ಗಾಳಿಗೆ ಟಿಪ್ಪೆಟ್‌ನಲ್ಲಿ ತಾನಾಗಿ ಸಣ್ಣ ಗಂಟು ಬೀಳುತ್ತದೆ. ಬೆರಳಾಡಿಸಿ ನೋಡುತ್ತಿರು. ಗಂಟು ಸಿಕ್ಕಿದರೆ ಬಿಚ್ಚುತ್ತ ಕೂರಬೇಡ, ಕತ್ತರಿಸಿ ಬೇರೆ ಕಟ್ಟು. ದೊಡ್ಡ ಮೀನು ಎಳೆದಾಗ ದಾರ ಮೊದಲು ಹರಿಯುವುದು ಅಲ್ಲೇ.

ಹೊಳೆಯ ಬದಿಯಲ್ಲಿ ಗೈಡ್ ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ನಡೆಯುತ್ತಾರೆ, ನೀನು ಅವರ ಹಿಂದೆ. ಮೀನು ಸೆಳವಿಗೆ ಮುಖ ಕೊಟ್ಟು ನಿಂತಿರುತ್ತದೆ, ಹಾಗಾಗಿ ನೀವು ಹೋಗುವುದು ಅದರ ಬೆನ್ನ ಹಿಂದಿನಿಂದ. ಅವರಿಗಿಂತ ಒಂದು ಹೆಜ್ಜೆಯೂ ಮುಂದೆ ಹೋಗಬೇಡ. ನೀರಂಚಿನ ಕಲ್ಲು ಅಲುಗಿದರೆ ಆ ಅದುರು ನೀರಿಗೆ ದಾಟುತ್ತದೆ, ಮೆಲ್ಲಗೆ ಹೆಜ್ಜೆಯಿಡು. ಬಿಳಿ ಟೋಪಿ, ಹೊಳೆಯುವ ಗಡಿಯಾರ ಮನೆಯಲ್ಲೇ ಇರಲಿ. ನೀರಿನ ಮೇಲಿನ ಹೊಳಪು ತಡೆಯುವ ಪೋಲರೈಸ್ಡ್ ಕನ್ನಡಕ ಕಡ್ಡಾಯ, ತಾಮ್ರದ ಬಣ್ಣದ ಗಾಜು ಒಳ್ಳೆಯದು. ನೀರಿನ ಮೇಲ್ಮೈ ನೋಡದೆ ತಳದ ಕಲ್ಲುಗಳ ಮೇಲೆ ಕಣ್ಣು ನೆಡು. ಕಲ್ಲು ಓಲಾಡುವುದಿಲ್ಲ, ಮೀನು ಓಲಾಡುತ್ತದೆ. ಎಷ್ಟೋ ಸಲ ಮೀನಿಗಿಂತ ಮೊದಲು ತಳದ ಮೇಲೆ ಬಿದ್ದ ಅದರ ನೆರಳು ಕಾಣುತ್ತದೆ. ಬಾಯಿ ತೆರೆದಾಗ ಒಳಗಿನ ಬಿಳುಪು ಒಂದು ಕ್ಷಣ ಮಿಂಚುತ್ತದೆ. ಅಕ್ಕಪಕ್ಕ ಸರಿದು ಮೇಯುತ್ತಿರುವ ಮೀನಾದರೆ ಆಸೆಯಿದೆ. ತಳಕ್ಕೆ ಅಂಟಿದಂತೆ ಅಲುಗಾಡದೆ ನಿಂತಿದ್ದರೆ ಬೆದರಿರಬಹುದು, ಅಥವಾ ನಿನ್ನೆ ಮೊನ್ನೆ ಬೇರೆ ಯಾರೋ ಅದಕ್ಕೆ ಎಸೆದು ಹೋಗಿರಬಹುದು.

ಗೈಡ್ "ಹನ್ನೊಂದು ಗಂಟೆ, ಹತ್ತು ಮೀಟರ್" ಎನ್ನುತ್ತಾರೆ. ನಿನ್ನ ಮುಖದ ನೇರಕ್ಕೆ ಹನ್ನೆರಡು ಗಂಟೆ, ಅದಕ್ಕಿಂತ ತುಸು ಎಡಕ್ಕೆ ಹನ್ನೊಂದು. ನಿನಗೇ ಮೀನು ಕಾಣುವವರೆಗೆ ಕೇಳು, ಸಂಕೋಚ ಬೇಡ. ಕಾಣದೆ "ಹೂಂ, ಕಂಡಿತು" ಎನ್ನುವವರೇ ಹೆಚ್ಚಾಗಿ ಮೀನಿನ ತಲೆಯ ಮೇಲೇ ಲೈನ್ ಬೀಳಿಸಿ ಓಡಿಸುವುದು. ಫ್ಲೈ ಬೀಳಬೇಕಾದದ್ದು ಮೀನಿಗಿಂತ ಒಂದು ಮಾರು ಮುಂದೆ, ನೀರು ಬರುವ ಕಡೆಗೆ, ಅದರ ದಾರಿಗೆ ಸರಿಯಾಗಿ. ದಪ್ಪ ಲೈನ್ ಮೀನಿನ ಹಿಂದೆಯೇ ಉಳಿಯಬೇಕು, ತೆಳು ಟಿಪ್ಪೆಟ್ ಮಾತ್ರ ಪಕ್ಕದಲ್ಲಿ ಹಾದುಹೋಗಲಿ. ಗಾಳಿಯಲ್ಲಿ ಲೈನ್ ಬೀಸುವಾಗಲೂ ಬೇರೆ ಕಡೆಗೆ ಬೀಸಿ, ಕೊನೆಯ ಎಸೆತವನ್ನಷ್ಟೇ ಅತ್ತ ತಿರುಗಿಸು. ನಿನಗೂ ಮೀನಿಗೂ ನಡುವೆ ಜೋರು ಸೆಳವಿದ್ದರೆ ಅದು ಲೈನ್ ಎಳೆದು ಫ್ಲೈಯನ್ನು ಗೀರಿದಂತೆ ಓಡಿಸುತ್ತದೆ. ಜೀವಂತ ಹುಳ ಹಾಗೆ ಓಡುವುದಿಲ್ಲವೆಂದು ಮೀನಿಗೆ ಗೊತ್ತು. ಕಷ್ಟಪಡುವುದಕ್ಕಿಂತ ನಾಲ್ಕು ಹೆಜ್ಜೆ ಸರಿದು ನಿಲ್ಲುವುದೇ ಸುಲಭ.

ಈಗ ಎಲ್ಲರೂ ಎಡವುವ ಜಾಗ. ಜನವರಿಯಲ್ಲಿ ಜೀರುಂಡೆಗಳ (ಸಿಕಾಡ) ಕಾಲ. ನೀರಿನ ಮೇಲೆ ತೇಲುವ 8ನೇ ನಂಬರಿನ ಜೀರುಂಡೆ ಫ್ಲೈಗೆ ದೊಡ್ಡ ಮೀನು ನಿಧಾನವಾಗಿ ಮೇಲೆದ್ದು ಬರುತ್ತದೆ, ಬಾಯಿ ತೆರೆಯುತ್ತದೆ. ನಿನ್ನ ಕೈ ತಾನಾಗಿ ರಾಡ್ ಎತ್ತಲು ಹವಣಿಸುತ್ತದೆ. ಎತ್ತಬೇಡ! ಆತುರಗಾರನಿಗೆ ಬುದ್ಧಿ ಮಟ್ಟ. ನೀನು ನಿಂತಿರುವುದು ಹಿಂದುಗಡೆ, ತೆರೆದ ಬಾಯಿಂದ ಫ್ಲೈ ಹಾಗೇ ಈಚೆಗೆ ಬಂದುಬಿಡುತ್ತದೆ. ಬಾಯಿ ಮುಚ್ಚಿ, ತಲೆ ಕೆಳಗೆ ತಿರುಗಿಸಿದ ಮೇಲೆ ರಾಡ್ ಎತ್ತು. ನೀರಿನೊಳಗಿನ ಮರಿಹುಳದಂತೆ ಕಟ್ಟಿದ, ಮುಳುಗುವ ನಿಂಫ್ ಫ್ಲೈಗೆ ಮಾತ್ರ ಇದು ತಿರುವುಮುರುವು: ಮೀನು ಕಚ್ಚಿದ್ದು ತಿಳಿಯಲೆಂದು ದಾರಕ್ಕೆ ಕಟ್ಟಿ ತೇಲಿಬಿಟ್ಟ ಉಣ್ಣೆಯ ತುಣುಕು ತುಸು ನಿಂತಂತೆ ಕಂಡರೂ ತಕ್ಷಣ ಎತ್ತು, ಏಕೆಂದರೆ ಬಾಯಿಗೆ ಹತ್ತಿದ್ದು ಹುಳವಲ್ಲವೆಂದು ತಿಳಿದ ಕೂಡಲೇ ಅದು ಉಗಿಯುತ್ತದೆ. ನಿಂಫ್ ಮೀನಿನ ಮಟ್ಟಕ್ಕೆ ಇಳಿಯದೆ ತಲೆಯ ಮೇಲೇ ಹಾದುಹೋಗುವುದೂ ಸಾಮಾನ್ಯ. ಫ್ಲೈ ಬದಲಿಸುವ ಮೊದಲು ಭಾರ ಬದಲಿಸಿ ನೋಡಲು ಕೇಳು.

ಕಚ್ಚಿದ ಮೀನು ಕೆಳಗಿನ ರಭಸಕ್ಕೆ ಓಡಿದರೆ ನಿಂತಲ್ಲೇ ಜಗ್ಗಾಡಬೇಡ, ದಡದ ಮೇಲೆ ನೀನೂ ನಡೆ. ರಾಡ್ ಅಡ್ಡಕ್ಕೆ ಹಿಡಿದು ಎಳೆದರೆ ಅದು ಬೇಗ ದಣಿಯುತ್ತದೆ. ಬೇಗ ದಣಿಸುವುದೇ ಅದಕ್ಕೆ ಒಳ್ಳೆಯದು, ಎಳೆದಾಟ ಬೆಳೆದಷ್ಟೂ ಬಿಟ್ಟ ಮೇಲೆ ಬದುಕುವುದು ಕಷ್ಟ. ಬಲೆಯಲ್ಲಿ ನೀರೊಳಗೇ ಇರಲಿ. ಕೈ ಒದ್ದೆ ಮಾಡಿಕೊಂಡು ಮುಟ್ಟು, ಹೊಟ್ಟೆ ಹಿಸುಕಬೇಡ, ಕಿವಿರಿಗೆ ಬೆರಳು ಹಾಕಬೇಡ. ಕ್ಯಾಮೆರಾ ಸಿದ್ಧವಾದ ಮೇಲೆ ಮೂರು ಸೆಕೆಂಡು ಎತ್ತಿ ಇಳಿಸಿಬಿಡು. ಸೆಳವಿಗೆ ಮುಖ ಮಾಡಿಸಿ ಹಿಡಿದಿರು, ತಾನಾಗಿ ಬಾಲ ಬೀಸಿದಾಗ ಬಿಡು. ನೀರು 20 ಡಿಗ್ರಿ ಸಮೀಪಿಸಿದರೆ ಆ ದಿನದ ಆಟ ನಿಲ್ಲಿಸಬೇಕು, ಬಿಸಿ ನೀರಿನಲ್ಲಿ ಅದಕ್ಕೆ ಉಸಿರು ಸಾಲದು.

ಬ್ರೌನ್ ಟ್ರೌಟ್ ಆ ದೇಶದ ಮೂಲ ಮೀನಲ್ಲ. ಇಂಗ್ಲೆಂಡಿನಿಂದ 1864ರಲ್ಲಿ ಟಾಸ್ಮೇನಿಯಾಕ್ಕೆ, ಅಲ್ಲಿಂದ 1867ರಲ್ಲಿ ನ್ಯೂಜಿಲೆಂಡಿಗೆ ಮೊಟ್ಟೆಗಳಾಗಿ ಬಂದದ್ದು. ಅಲ್ಲಿ ಟ್ರೌಟ್ ಮಾರುವುದು ಕಾನೂನಿಗೆ ವಿರುದ್ಧ, ಹೋಟೆಲಿನಲ್ಲಿ ಕೇಳಬೇಡ. ಮೀನು ಹಿಡಿಯಲು ಬೇಕಾದ ಫಿಶ್ ಆ್ಯಂಡ್ ಗೇಮ್ ಲೈಸೆನ್ಸ್ ಜೊತೆಯಲ್ಲಿರಲಿ. ಕೆಲವು ಹೊಳೆಗಳಿಗೆ ಹೆಚ್ಚುವರಿ ಲೈಸೆನ್ಸ್ ಬೇಕು, ನಿಮ್ಮದಕ್ಕೆ ಬೇಕೇ ಎಂದು ಕೇಳಿಕೋ. ಬೂಟಿನ ಅಡಿ ರಬ್ಬರಿನದೇ ಆಗಿರಬೇಕು. 2004ರಲ್ಲಿ ದಕ್ಷಿಣ ದ್ವೀಪದಲ್ಲಿ ಡಿಡಿಮೊ ಪಾಚಿ ಕಂಡ ಮೇಲೆ ಫೆಲ್ಟ್ (ಒತ್ತಿದ ಉಣ್ಣೆಯಂಥ ಬಟ್ಟೆ) ಅಡಿಯ ಬೂಟುಗಳನ್ನು ನಿಷೇಧಿಸಿದ್ದಾರೆ. ಒಂದು ಹೊಳೆಯಿಂದ ಇನ್ನೊಂದಕ್ಕೆ ಹೋಗುವ ಮುನ್ನ ಬೂಟು, ಬಲೆ ಎಲ್ಲವನ್ನೂ ಪಾತ್ರೆ ತೊಳೆಯುವ ದ್ರವದ 5% ನೀರಿನಲ್ಲಿ ತೊಳೆ. ನೀರು ಹೀರುವ ಬಟ್ಟೆ, ಲೇಸುಗಳು ಹೆಚ್ಚು ಹೊತ್ತು ನೆನೆಯಲಿ. ಕಣ್ಣಿಗೆ ಕಾಣದ ಒಂದು ಕಣ ಸಾಕು, ಇಡೀ ಹೊಳೆಯ ತಳ ಕಂಬಳಿ ಹೊದ್ದಂತಾಗಲು.

ಬೇಸಿಗೆಯಾದರೂ ಉದ್ದ ತೋಳಿನ ಅಂಗಿ ಹಾಕಿಕೋ, ಸ್ಯಾಂಡ್‌ಫ್ಲೈ ಎಂಬ ಕಚ್ಚುವ ನೊಣಗಳು ಬಿಡುವುದಿಲ್ಲ. ಮಳೆ ಬಂದು ನೀರು ಕದಡಿ ಏರುತ್ತಿದ್ದರೆ, ಗೈಡ್ ದಾಟುವುದು ಬೇಡವೆಂದರೆ, ವಾದಿಸಬೇಡ. ಆ ಕಡೆ ದಡದಲ್ಲಿ ಎಷ್ಟೇ ದೊಡ್ಡ ಮೀನಿರಲಿ.

ಇವತ್ತೇ ಗೈಡ್‌ಗೆ ಒಂದು ಇಮೇಲ್ ಬರೆ. ಎಡಗೈಯಲ್ಲಿ ಎಸೆಯುತ್ತೀಯ, ಎಷ್ಟು ದೂರ ಸರಿಯಾಗಿ ಎಸೆಯಬಲ್ಲೆ, ಬಂಡೆಗಳ ಮೇಲೆ ಎಷ್ಟು ಕಿಲೋಮೀಟರ್ ನಡೆಯಬಲ್ಲೆ, ಇದ್ದದ್ದನ್ನು ಇದ್ದಂತೆ ತಿಳಿಸು. ಯಾವ ಹೊಳೆಗೆ ಕರೆದೊಯ್ಯಬೇಕೆಂದು ಅವರು ಅದರ ಮೇಲೇ ತೀರ್ಮಾನಿಸುತ್ತಾರೆ. ಮಧ್ಯಾಹ್ನದ ಊಟ ಅವರು ತರುವುದಾದರೆ ನೀನು ಮಾಂಸ ತಿನ್ನುವುದಿಲ್ಲ ಎಂಬುದನ್ನೂ ಸೇರಿಸು.

ಇಂತಿ ನಿನ್ನ
ಚಿಕ್ಕಪ್ಪ