ಡಾಕ್ಟ್ರು ಎಷ್ಟು ಸಮಯ ಹೇಳಿದ್ದಾರೆ ಅಂತ ಕೇಳಿದ್ದೀಯಲ್ಲ

ಬದಿಯಡ್ಕ, ಕಾಸರಗೋಡು

ಪ್ರೀತಿಯ ಗೆಳೆಯಾ,

ಹೇಳಿದ್ದಾರೆ ಮಾರಾಯ. ಅಪ್ಪನಿಗೆ ಗ್ಲಿಯೋಬ್ಲಾಸ್ಟೋಮಾ, ಅಂದರೆ ಮೆದುಳಿನ ಕ್ಯಾನ್ಸರ್ ಗಡ್ಡೆ, ಅದೂ ಅತಿ ಜೋರಿನ ನಾಲ್ಕನೇ ಗ್ರೇಡು. ಆಪರೇಷನ್, ಆರು ವಾರ ರೇಡಿಯೇಷನ್, ಟೆಮೊಝೊಲೊಮೈಡ್ ಅನ್ನುವ ಕೀಮೋ ಮಾತ್ರೆ ಎಲ್ಲ ಮಾಡಿದರೂ ಹೆಚ್ಚುಕಮ್ಮಿ ಅರ್ಧದಷ್ಟು ಜನ 15 ತಿಂಗಳು ದಾಟುವುದಿಲ್ಲವಂತೆ. ಅಪ್ಪ ಯಾವ ಅರ್ಧದಲ್ಲಿದ್ದಾರೆ ಅಂತ ಡಾಕ್ಟ್ರಿಗೂ ಗೊತ್ತಿಲ್ಲ.

ಒಂದೇ ಸಮನೆ ಇಳಿಯುವ ಕಾಯಿಲೆಯಾದರೆ ಮನಸ್ಸು ಗಟ್ಟಿ ಮಾಡಿಕೊಳ್ಳಬಹುದಿತ್ತು. ರೇಡಿಯೇಷನ್ ಮುಗಿದ ಮೇಲಿನ ಸ್ಕ್ಯಾನಿನಲ್ಲಿ ಗಡ್ಡೆ ದೊಡ್ಡದಾಗಿ ಕಂಡಿತು. ಅದು ರೇಡಿಯೇಷನ್ನಿನ ಬಾವೂ ಇರಬಹುದು, ಕಾಯೋಣ ಅಂದರು. ಮುಂದಿನ ಸ್ಕ್ಯಾನಿನಲ್ಲಿ ನಿಜಕ್ಕೂ ಸಣ್ಣದಾಗಿತ್ತು. ಈಗ ಮತ್ತೆ ಬೆಳೆದಿದೆ. ಈ ಸಲ ಅದು ರೋಗವೇ.

ಹೋದ ತಿಂಗಳು ಫಿಟ್ಸ್ ಬಂದು ಮಾತೇ ನಿಂತಿತು. ಪೆರ್ಲ, ಪುತ್ತೂರಿನಿಂದೆಲ್ಲ ನೆಂಟರು ನೋಡಲು ಬಂದರು. ಅಷ್ಟರಲ್ಲಿ ಡೆಕ್ಸಾ ಅನ್ನುವ ಸ್ಟೀರಾಯ್ಡ್ ಜಾಸ್ತಿ ಮಾಡಿದ್ದರು, ಮೆದುಳಿನ ಬಾವು ಇಳಿಯಿತು. ಅಪ್ಪ ಎದ್ದು ಕೂತು ನೀರುದೋಸೆ ಕೇಳಿದರು! ಕೊನೆಯ ಸಲ ನೋಡಲು ಬಂದವರಿಗೇ ಒಂಥರಾ ಮುಜುಗರ. ಆ ಹಸಿವೂ ಸ್ಟೀರಾಯ್ಡಿನದ್ದೇ. ಜೊತೆಗೆ ಶುಗರ್ ಏರಿದೆ, ಮುಖ ಊದಿದೆ, ರಾತ್ರಿ ನಿದ್ದೆಯಿಲ್ಲ. ಪಂಪು ಆಫ್ ಮಾಡಿದ್ದೀರಾ ಅಂತ ನಡುರಾತ್ರಿ ಎಬ್ಬಿಸುತ್ತಾರೆ.

ಮೊನ್ನೆ ಅಡಿಕೆಗೆ ಮದ್ದು ಬಿಡುವವರು ಬಂದಿದ್ದರು. ಅಪ್ಪನಿಗೆ ನನ್ನ ಹೆಸರು ಬಾಯಿಗೆ ಬರುವುದಿಲ್ಲ, ‘ಇವನೇ’ ಅಂತ ಕರೆಯುತ್ತಾರೆ. ಹೊಸ ಹುಡುಗನೊಬ್ಬ ಮೈಲುತುತ್ತಿನ ನೀರಿಗೆ ಸುಣ್ಣದ ನೀರು ಹೊಯ್ಯಲು ಹೊರಟ. ಜಗಲಿಯಿಂದ ಅಪ್ಪ ಗದರಿದರು: "ಉಲ್ಟಾ ಹೊಯ್ಯಬೇಡ! ಸುಣ್ಣಕ್ಕೆ ತುತ್ತು!" ಹುಡುಗ ಬೆಚ್ಚಿಬಿದ್ದ. ಅಮ್ಮ ಒಳಗೆ ಹೋಗಿ ಅತ್ತಳು. ಸಂಜೆ ಅದೇ ಅಪ್ಪ ಬಚ್ಚಲು ಎಲ್ಲಿ ಅಂತ ಕೇಳಿದರು. ಇಂಥ ಒಳ್ಳೆಯ ದಿನಗಳೇ ಜಾಸ್ತಿ ಕಾಡುವುದು. ಆಸೆ ಬಿಡಲು ಬಿಡುವುದಿಲ್ಲ ಅಲ್ವಾ?

ಪಂಚಾಯತಿನ ಪಾಲಿಯೇಟಿವ್ ಸಿಸ್ಟರ್, ಅಂದರೆ ಇಂಥ ರೋಗಿಗಳ ನರಳಾಟ ತಗ್ಗಿಸಲು ನೋಡಿಕೊಳ್ಳುವ ನರ್ಸ್, ಮನೆಗೇ ಬರುತ್ತಾರೆ. ಅವರದ್ದು ಮಲಯಾಳ, ಅಮ್ಮನದ್ದು ಕನ್ನಡ, ಆದರೂ ಅರ್ಧ ಗಂಟೆ ಹರಟೆ. ಫಿಟ್ಸ್ ಬಂದರೆ ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಕೈಗೆ ಕಬ್ಬಿಣ ಕೊಡುವುದೆಲ್ಲ ಸುಮ್ನೆ ಅಂತ ಕಲಿಸಿದ್ದು ಅವರೇ. ತಿಂಗಳು ಎಣಿಸಬೇಡಿ, ಈ ವಾರ ಹೋದ ವಾರದ ಹಾಗಿದೆಯಾ ಅಷ್ಟೇ ನೋಡಿ ಅನ್ನುತ್ತಾರೆ. ಈ ವಾರ ಹಾಗಿಲ್ಲ. ಬಲಗೈ ಸೋತಿದೆ, ನಿದ್ದೆ ಹೆಚ್ಚಾಗಿದೆ.

ಅದಕ್ಕೇ ಹೇಳುತ್ತಿದ್ದೇನೆ, ದೀಪಾವಳಿಗೆ ಕಾಯಬೇಡ, ಈಗಲೇ ಬಾ. ನಾನು ಯಾರು ಗೊತ್ತಾಯ್ತಾ ಅಂತ ಮಾತ್ರ ಕೇಳಬೇಡ, ನೀನೇ ಹೆಸರು ಹೇಳು. ಎಡಗಡೆ ಕೂತುಕೋ, ಬಲಗಡೆ ಅವರಿಗೆ ಕಾಣುವುದಿಲ್ಲ. ಬೆಳಿಗ್ಗೆ ಹೊತ್ತು ಮಾತು ಸ್ವಲ್ಪ ಸರಾಗ. ಬಸ್ಸಿಳಿದು ಫೋನು ಮಾಡು, ಜೀಪು ತರುತ್ತೇನೆ.

ನಿನ್ನವ