ಪುಂಡಿ ನಾರು ಕಳಿಸು

ಪಣಜಿ

ಅಮ್ಮನಿಗೆ ನಮಸ್ಕಾರ.

ಇದನ್ನು ತಮ್ಮನ ಕೈಲಿ ಓದಿಸುತ್ತೀಯ ಅಂತ ಗೊತ್ತು. ನಡುವೆ ಹಾರಿಸಬೇಡ ಅಂತ ಅವನಿಗೆ ಹೇಳು.

ನಾನು ಚೆನ್ನಾಗಿದ್ದೇನೆ. ಮೀನು, ಕುಚಲಕ್ಕಿ ಅನ್ನ ಎಲ್ಲ ಸಿಗುತ್ತದೆ. ಊಟದ ಚಿಂತೆ ಬಿಡು.

ನಾವು ಮದುವೆಗೆ ಗೋಡೆ ಮೇಲೆ ಬರೆಯುವ ಹಸೆ ಚಿತ್ತಾರವನ್ನು ಎರಡು ವಾರ ಹೇಳಿಕೊಡಿ ಅಂತ ಇಲ್ಲಿನ ಕಾಲೇಜಿನವರು ಕರೆಸಿದ್ದಾರೆ. ಹದಿನೆಂಟು ಮಕ್ಕಳು. ಮೊದಲ ದಿನವೇ ನನ್ನ ಮರ್ಯಾದೆ ಹೋಯಿತು. ಗೆರೆ ನೆಟ್ಟಗೆ ಬರಲಿ ಅಂತ ಗೋಡೆಗೆ ಟೇಪ್ ಅಂಟಿಸುತ್ತಿದ್ದೆ. ಒಬ್ಬಳು ಹುಡುಗಿ, 'ನಿಮ್ಮಮ್ಮನೂ ಟೇಪ್ ಅಂಟಿಸ್ತಾರಾ ಮ್ಯಾಡಂ?' ಅಂದಳು. ಸುಮ್ನೆ ಕಿತ್ತು ಹಾಕಿದೆ. ಆಮೇಲೆ ನೋಡಬೇಕಿತ್ತು, ಐದು ವರ್ಷ ಚಿತ್ರಕಲೆ ಓದಿದ ಕೈ ಹೇಗೆ ನಡುಗಿತು ಅಂತ! ನೀನು ಗೇಣು ಹಾಕಿ, ಚುಕ್ಕಿ ಇಟ್ಟು, ಉಸಿರು ಹಿಡಿದು ಒಂದೇ ಸಲಕ್ಕೆ ಎಳೆ ಎಳೆಯುತ್ತೀಯಲ್ಲ, ಅದು ನನಗಿನ್ನೂ ಬಂದಿಲ್ಲ.

ಬಣ್ಣದ್ದು ಬೇರೆ ಕಥೆ. ಇದೂ ಜಂಬಿಟ್ಟಿಗೆಯ ಸೀಮೆ, ಕೆಮ್ಮಣ್ಣಿಗೆ ಬರವಿಲ್ಲ. ಬಿಳಿಗೆ ಅಕ್ಕಿ ನೆನೆಸಿ ರುಬ್ಬಿದೆ, ಕಪ್ಪಿಗೆ ಅಕ್ಕಿ ಹುರಿದು ಕರಿ ಮಾಡಿದೆ. ಮಾರನೇ ದಿನ ಹಿಟ್ಟು ಹುಳಿ ಬಂದು ಕೋಣೆಯೆಲ್ಲ ದೋಸೆ ಹಿಟ್ಟಿನ ವಾಸನೆ. ಹಳದಿ ಬಣ್ಣಕ್ಕೆ ಗುರಿಗೆ ಕಾಯಿ ಎಲ್ಲೂ ಸಿಗಲಿಲ್ಲ. ಅರಿಶಿನದಲ್ಲಿ ಸುಧಾರಿಸಿದೆ, ಬೈಯಬೇಡ. ಅಂಗಡಿಯ ಕುಂಚ ಬಣ್ಣ ಜಾಸ್ತಿ ಕುಡಿಯುತ್ತದೆ, ಎಳೆ ದಪ್ಪ ಆಗುತ್ತದೆ. ಪುಂಡಿ ನಾರಿನ ಕುಂಚವೇ ಬೇಕು.

ಕಸ ಗುಡಿಸಲು ಬರುವ ಅಕ್ಕ ಗದಗದ ಕಡೆಯವರು. ನಾನು ಫೋನಿನಲ್ಲಿ ಕನ್ನಡ ಮಾತಾಡೋದು ಕೇಳಿ ಒಳಗೆ ಬಂದರು. ಗೋಡೆ ನೋಡಿ, 'ಇದನ್ನ ಕಲಿಯಾಕ ಕಾಲೇಜಿಗೆ ಬರಬೇಕೇನ್ರಿ?' ಅಂದರು. ಏನಂದರು ಅಂತ ಮಕ್ಕಳು ಕೇಳಿದರು. ಚೆನ್ನಾಗಿದೆ ಅಂದರು ಅಂತ ಹೇಳಿಬಿಟ್ಟೆ.

ಒಂದು ಹೇಳಲೇಬೇಕು. ಇಲ್ಲಿನ ಹಳೆಯ ದೇವಸ್ಥಾನಗಳಲ್ಲಿ ಕಾವಿ ಕಲೆ ಅಂತ ಇದೆ. ನಮ್ಮ ಕುಮಟಾ, ಅಂಕೋಲಾ ಕಡೆಯೂ ಇದೆ. ಸುಣ್ಣದ ಗಾರೆಯ ಮೇಲೆ ಕೆಂಪು ಬಳಿದು, ಹಸಿ ಇರುವಾಗಲೇ ಚೂಪಾದ ಮೊನೆಯಿಂದ ಕೆರೆಯುತ್ತಾರೆ. ಒಳಗಿನ ಬಿಳಿ ಕಾಣುತ್ತದೆ. ನಾವು ಕೆಂಪಿನ ಮೇಲೆ ಬಿಳಿ ಇಡುತ್ತೇವೆ, ಅವರು ಕೆಂಪು ತೆಗೆದು ಬಿಳಿ ತೋರಿಸುತ್ತಾರೆ! ಒಬ್ಬ ಹುಡುಗ ತನ್ನೂರ ಗುಡಿಯ ಫೋಟೋ ತಂದಿದ್ದ. ಆ ಮಧ್ಯಾಹ್ನ ಯಾರೂ ಕುಂಚ ಮುಟ್ಟಲಿಲ್ಲ, ಬರೀ ಅದೇ ಮಾತು. ಅವರದು ಗಾರೆ ಇರುವ ತನಕ ಇರುತ್ತದೆ. ನಮ್ಮದು ಉದುರಿದರೆ ಮುಂದಿನ ಮದುವೆಗೆ ಮತ್ತೆ ಬರೆಯೋದು, ಅಲ್ವಾ? 'ಅಳಿಸಿ ಹೋದರೆ ನಿಮ್ಮಮ್ಮನಿಗೆ ಬೇಜಾರಾಗಲ್ವಾ?' ಅಂತ ಆ ಹುಡುಗ ಕೇಳಿದ. ಕೇಳಿ ಹೇಳುತ್ತೇನೆ ಅಂದಿದ್ದೇನೆ. ಏನು ಹೇಳಲಿ?

ಪುಂಡಿ ನಾರು, ಒಂದು ಹಿಡಿ ಗುರಿಗೆ ಕಾಯಿ ಪೊಟ್ಟಣ ಕಟ್ಟಿ ತಮ್ಮನ ಕೈಲಿ ಕೊರಿಯರ್ ಮಾಡಿಸು. ಭೂಮಿ ಹುಣ್ಣಿಮೆ ಹಬ್ಬಕ್ಕೆ ಬರುತ್ತೇನೆ. ಹಬ್ಬಕ್ಕೆ ಚಿತ್ತಾರ ಬರೆಯುವ ಬುಟ್ಟಿಗೆ ಸೆಗಣಿ, ಕೆಮ್ಮಣ್ಣು ಬಳಿದು ಒಣಗಿಸಿಡು. ಎಳೆ ಮಾತ್ರ ನಾನು ಬರುವ ಮೊದಲು ಶುರು ಮಾಡಬೇಡ.

ನಿನ್ನ ಮಗಳು